ನೆನೆಸಿಟ್ಟ ನೂಲು

ಸಿಟ್ಟಿನಲ್ಲಿ ಬರೀಬೇಡ, ತಣ್ಣಗೆ ಕೂತು ಬರಿ ಎಂದು ಕಂಟ್ರೋಲ್ ರೂಮಿನ ದಾದಾಪೀರಣ್ಣ ಹೇಳಿದರು. ಒಂದೂವರೆ ವರ್ಷ ನಾನು ಬರೆದದ್ದೆಲ್ಲ ತಣ್ಣನೆಯ ವರದಿಗಳನ್ನೇ. ಪ್ರತಿಯೊಂದರ ಕೆಳಗೂ ನನ್ನ ಸಹಿ ಇದೆ. ಆ ವರದಿಗಳು ನನ್ನ ತಂಗಿಯ ಕೈಗೆ ಏನು ಮಾಡಿದವು ಎಂದು ಕಣ್ಣಾರೆ ನೋಡಿದ ಮೇಲೆ ತಣ್ಣಗೆ ಬರೆಯುವ ಯೋಗ್ಯತೆ ನನಗಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ.

ನನ್ನ ಹೆಸರು ಕೊಟ್ರಮ್ಮ. ದಾವಣಗೆರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಒಂದು ಕೀಟನಾಶಕದ ಕಾರ್ಖಾನೆ ಸಿಗುತ್ತದೆ. ಅಲ್ಲಿ ನೂಲು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ಇದ್ದೆ ಎನ್ನಬೇಕು ಈಗ.

ನೂಲು ಎಂದರೆ ಏನು ಎಂದು ಕೇಳುವವರು ಪುಣ್ಯವಂತರು, ಅವರ ಮೈಯಲ್ಲಿ ಅದು ಇಲ್ಲ. ಹೊಸ ಕಾಯ್ದೆ ಬಂದ ಮೇಲೆ ವಿಷದ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರ ಎಡತೋಳಿನ ಚರ್ಮದ ಕೆಳಗೆ ಹೆಬ್ಬೆರಳುದ್ದದ ನೂಲು ಇರಲೇಬೇಕು. ಕೂದಲಿಗಿಂತ ತುಸು ದಪ್ಪ, ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಉಪ್ಪುನೀರು ಬಹಳ ನಿಧಾನವಾಗಿ ಹರಿಯುತ್ತಿರುತ್ತದೆ. ನೂಲಿನ ಗೋಡೆಯೇ ಒಂದು ಪೊರೆ, ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ನಮ್ಮ ಮೈಯ ಜೀವಕೋಶಗಳ ನಡುವೆ ಇರುವ ದ್ರವದಲ್ಲಿ ವಿಷದ ಅಣುಗಳಿದ್ದರೆ ಅವು ಆ ತೂತುಗಳಿಂದ ಉಪ್ಪುನೀರಿಗೆ ಇಳಿಯುತ್ತವೆ. ದೊಡ್ಡ ಪ್ರೋಟೀನುಗಳು ತೂತಿನಲ್ಲಿ ಹಿಡಿಸದೆ ಆಚೆಯೇ ಉಳಿಯುತ್ತವೆ. ಉಪ್ಪುನೀರು ಚರ್ಮದಾಚೆ ಇರುವ ನೂಲಿನ ತುದಿಯಿಂದ ತೋಳಪಟ್ಟಿಯಲ್ಲಿರುವ ಪುಟ್ಟ ಯಂತ್ರಕ್ಕೆ ಹೋಗುತ್ತದೆ, ಯಂತ್ರ ಅಳೆದು ಬಣ್ಣ ತೋರಿಸುತ್ತದೆ. ಸೂಜಿ ಚುಚ್ಚಿ ರಕ್ತ ತೆಗೆಯುವ ರಗಳೆ ಇಲ್ಲ.

ಒಂದು ವಿಷಯ ಮಾತ್ರ ತಿಳಿದಿರಬೇಕು. ಮೈಯಲ್ಲಿರುವ ಪ್ರಮಾಣ ಪೂರ್ತಿಯಾಗಿ ಯಾವ ನೂಲಿಗೂ ಸಿಗುವುದಿಲ್ಲ. ನೂರಕ್ಕೆ ನಲವತ್ತು ಹಿಡಿಯುವ ನೂಲಾದರೆ ಯಂತ್ರ ಸಿಕ್ಕಿದ್ದನ್ನು ಎರಡೂವರೆಯಿಂದ ಗುಣಿಸಿ ಮೈಯ ನಿಜವಾದ ಪ್ರಮಾಣ ಹೇಳುತ್ತದೆ. ಹೊಸ ನೂಲಿನ ಕಟ್ಟು ಬಂದಾಗ, ಅದು ನೂರಕ್ಕೆ ಎಷ್ಟು ಹಿಡಿಯುತ್ತದೆ ಎಂದು ಗೊತ್ತಿರುವ ಪ್ರಮಾಣದ ವಿಷದ ದ್ರಾವಣದಲ್ಲಿ ಅದ್ದಿ ನೋಡಿ ಸಹಿ ಹಾಕುವುದು ನನ್ನ ಕೆಲಸ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಜನ ಈ ಬಣ್ಣಗಳಿಗೆ ಎಷ್ಟು ಬೇಗ ಒಗ್ಗಿಕೊಂಡರು ಎಂದರೆ ನನಗೇ ಆಶ್ಚರ್ಯ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತಿದ್ದರು. ಈಗ ಬಣ್ಣ ಏನು ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಮುಗಿಸಿ, ಸ್ವಲ್ಪ ತೋಳಪಟ್ಟಿ ತೋರ್ಸವ್ವ ಎನ್ನುತ್ತಾರೆ. ಕೆಂಪಾದವರಿಗೆ ಕೆಲಸದಿಂದ ಬಿಡುವು, ಆಸ್ಪತ್ರೆ. ಹಳದಿಯವರಿಗೆ ಬೇರೆ ಶೆಡ್ಡು. ಹಸಿರಾಗಿದ್ದವರಿಗೆ ಕಾರ್ಖಾನೆಯ ಡಾಕ್ಟರು ರಜೆಯ ಚೀಟಿ ಬರೆಯುವಂತಿಲ್ಲ, ಕಾರ್ಮಿಕರ ಆಸ್ಪತ್ರೆಯಲ್ಲೂ ಸೇರಿಸಿಕೊಳ್ಳುವಂತಿಲ್ಲ. ಹಸಿರು ಎಂದರೆ ಆರೋಗ್ಯ, ಮುಗಿಯಿತು. ತಲೆ ಸುತ್ತುತ್ತದೆ ಎಂದು ಹೋದರೆ ಡಾಕ್ಟರು ತೋಳು ನೋಡುತ್ತಾರೆ, ಮುಖ ನೋಡುವುದಿಲ್ಲ.

ನನ್ನ ತಂಗಿ ಹಾಲಮ್ಮ ನಾಲ್ಕನೇ ಶೆಡ್ಡಿನಲ್ಲಿ ಬಾಟಲಿ ತುಂಬುವವಳು. ಅಲ್ಲಿ ತುಂಬುವ ಔಷಧಿಗೆ ಉದ್ದನೆಯ ಹೆಸರಿದೆ, ಹೆಂಗಸರೆಲ್ಲ ಅದನ್ನು ಹದಿನೇಳನೇ ಎಣ್ಣೆ ಎನ್ನುತ್ತಾರೆ. ಎಣ್ಣೆಯ ಹಾಗೆಯೇ ಜಿಡ್ಡು, ನೀರಿಗೆ ಅಷ್ಟಾಗಿ ಸೇರುವುದಿಲ್ಲ. ಹುಳ ಸಾಯುವುದು ಅದು ನರಕ್ಕೆ ಹಿಡಿಯುವುದರಿಂದ. ಮನುಷ್ಯರಿಗೂ ನರ ಇದೆ ಎನ್ನುವುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ.

ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಹೋದ ತಿಂಗಳು ಒಂದು ಭಾನುವಾರ ಅವಳು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಎತ್ತಲಿಲ್ಲ.

"ಅಕ್ಕ, ನನ್ನ ಕೈ ನನ್ನ ಮಾತು ಕೇಳ್ತಿಲ್ಲ ಕಣೇ."

"ಪಟ್ಟಿ ತೋರ್ಸು," ಎಂದೆ. ಹಸಿರು. "ಹಸಿರು ಐತಲ್ಲೇ! ಏನಾಗಿಲ್ಲ ನಿಂಗೆ. ಮೊಬೈಲ್ ನೋಡೋದು ಬಿಟ್ಟು ನೆಟ್ಟಗೆ ನಿದ್ದೆ ಮಾಡು."

"ನೂಲು ಹೇಳಿದ್ದು ಕೇಳ್ತೀಯ, ನಾನು ಹೇಳಿದ್ದು ಕೇಳ್ಸಲ್ವಾ?"

"ಸುಳ್ಳು ಹೇಳೋದು ಮನುಷ್ಯರು ಕಣೇ. ನೂಲಿಗೆ ಯಾಕೆ ಬೇಕು ಅದು?"

ಹೀಗೆ ಅಂದವಳು ನಾನು, ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಕ್ಕ. ಅವಳು ಎದ್ದು ಹೋದಳು. ನಾನು ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ, ಹೊಟ್ಟೆ ತುಂಬ ತಿಂದೆ.

ಆಮೇಲೆ ಅವಳ ಕೈಯಿಂದ ಬಾಟಲಿಗಳೂ ಬೀಳತೊಡಗಿದವು. ದಾವಣಗೆರೆಯ ಒಬ್ಬ ನರದ ಡಾಕ್ಟರಿಗೆ ಖಾಸಗಿಯಾಗಿ ತೋರಿಸಿದೆವು. ಅವರು ಕೈ ಹಿಡಿದು, ಮಂಡಿ ತಟ್ಟಿ ನೋಡಿದರು. ಈಗಲೇ ಆ ಶೆಡ್ಡು ಬಿಡಿಸಿ ಆಸ್ಪತ್ರೆಗೆ ಸೇರಿಸಿದರೆ ಸರಿಹೋಗಬಹುದು, ಇನ್ನೆರಡು ತಿಂಗಳು ಬಿಟ್ಟರೆ ನಾನು ಏನೂ ಹೇಳಲಾರೆ ಎಂದರು. ಆಸ್ಪತ್ರೆಗೆ ಸೇರಿಸುವುದು ಹೇಗೆ? ಪಟ್ಟಿ ಹಸಿರು, ಖಾಸಗಿ ಆಸ್ಪತ್ರೆಗೆ ದುಡ್ಡಿಲ್ಲ. ಇಷ್ಟು ಸಾಲದು ಎಂಬಂತೆ ಸುರಕ್ಷತಾ ವಿಭಾಗದ ಮುಖ್ಯಸ್ಥ ಪ್ರಹ್ಲಾದರಾಯರಿಂದ ಅವಳಿಗೆ ನೋಟೀಸು ಬಂತು. 'ಕಾಯಿಲೆಯ ನಟನೆ' ಎಂದು ಅದರಲ್ಲಿ ಬರೆದಿತ್ತು. ಶನಿವಾರ ಹನ್ನೊಂದಕ್ಕೆ ವಿಚಾರಣೆ. ನಟನೆ ಎಂದು ತೀರ್ಮಾನವಾದರೆ ಕೆಲಸವಂತೂ ಹೋಯಿತು, ಮುಂದೆ ಯಾವ ಕಾರ್ಮಿಕರ ಆಸ್ಪತ್ರೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳ ದಾಖಲೆ ತೆಗೆಸಲು ಕಂಟ್ರೋಲ್ ರೂಮಿಗೆ ಹೋದೆ. ಗೋಡೆ ತುಂಬ ಪರದೆ, ಪರದೆ ತುಂಬ ತೋಳಪಟ್ಟಿಗೊಂದರಂತೆ ಇನ್ನೂರ ಹನ್ನೆರಡು ಹಸಿರು ಚುಕ್ಕೆ. ಅದರ ಮುಂದೆ ಕೂತು ಇಡೀ ದಿನ ನೋಡುವುದು ದಾದಾಪೀರಣ್ಣನ ಕೆಲಸ. ಐವತ್ತಾರು ವರ್ಷದ ಮನುಷ್ಯ, ಎಲೆಅಡಿಕೆ ಬಾಯಿ, ಅವಸರ ಎನ್ನುವುದೇ ಗೊತ್ತಿಲ್ಲ. ಹಾಲಮ್ಮನ ಮೂರು ತಿಂಗಳ ಅಳತೆಯ ಗೆರೆಯನ್ನು ಪರದೆಗೆ ತಂದರು.

ಗೆರೆ ಸೋಮವಾರ ತಳದಲ್ಲಿರುತ್ತಿತ್ತು. ಮಂಗಳವಾರದಿಂದ ಸ್ವಲ್ಪ ಸ್ವಲ್ಪ ಏರಿ ಶನಿವಾರದ ಹೊತ್ತಿಗೆ ಹಳದಿಯ ಹತ್ತಿರ ಬರುತ್ತಿತ್ತು. ಸೋಮವಾರ ಮತ್ತೆ ತಳಕ್ಕೆ.

"ಇದೇನಣ್ಣ ಹಿಂಗೆ?"

"ಎಲ್ಲಾರದೂ ಹಂಗೇ ತಂಗಿ. ಒಂದೂವರೆ ವರ್ಷದಿಂದ ನೋಡ್ತಾ ಇದೀನಿ. ಭಾನುವಾರ ರಜೆ ಅಲ್ವಾ, ಮೈ ತೊಳ್ಕೊಂಡು ಬಿಡ್ತೈತೆ ಅಂತ ರಾಯ್ರು ಹೇಳಿದ್ರು. ಸರಾಸರಿ ಹಸಿರು ಬಂದ್ರೆ ಆಯ್ತಂತೆ."

ನನಗೂ ಅದು ಸರಿ ಎನ್ನಿಸಿ ಎದ್ದೇಬಿಡುತ್ತಿದ್ದೆ. ಆದರೆ ಕೊನೆಯ ವಾರದ ಗೆರೆ ಬೇರೆ ಥರ ಇತ್ತು. ಗುರುವಾರದವರೆಗೆ ಏರಿ, ಗುರುವಾರ ಮಧ್ಯಾಹ್ನ ಧಡಕ್ಕನೆ ತಳಕ್ಕೆ ಬಿದ್ದಿತ್ತು.

"ನಿನ್ನೆ ಏನಾಯ್ತು?"

"ರ‍್ಯಾಕಿಗೆ ತೋಳು ತಾಗಿ ನೂಲು ತುಂಡಾತಲ್ಲ. ನರ್ಸಮ್ಮ ಹೊಸದು ಹಾಕಿದ್ಲು. ಎಲ್ಲಾರಿಗೂ ಸೋಮವಾರ ಹೊಸ ನೂಲು ಹಾಕ್ತಾರೆ, ಇವಳಿಗೆ ನಿನ್ನೇನೇ..." ದಾದಾಪೀರಣ್ಣ ಪರದೆಯ ಹತ್ತಿರಕ್ಕೆ ಬಗ್ಗಿದರು.

"ನಿನ್ನೆ ಯಾವ ಭಾನುವಾರ ಇತ್ತಣ್ಣ?" ಎಂದೆ.

ಅವರು ಎದ್ದು ಹೋಗಿ ಕಿಟಕಿಯಾಚೆ ಎಲೆಅಡಿಕೆ ಉಗಿದು ಬಂದರು. "ಯಾ ಅಲ್ಲಾ," ಎಂದರು. ಮೈ ಬದಲಾಗಿರಲಿಲ್ಲ, ಬದಲಾಗುತ್ತಿದ್ದದ್ದು ನೂಲು. ಹೊಸ ನೂಲು ಹಾಕಿದಾಗಲೆಲ್ಲ ವಿಷ ಕಡಿಮೆ ಕಾಣುತ್ತಿತ್ತು.

ಲ್ಯಾಬಿಗೆ ಓಡಿದೆ. ಈಗ ಹೇಳುವುದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನೂಲು ಒಣಗಿ ಸೀಳಬಾರದೆಂದು ಅದಕ್ಕೆ ಗ್ಲಿಸರಿನ್ ಸವರಿ ಕಳಿಸುತ್ತಾರೆ. ಪರೀಕ್ಷೆಗೆ ಮೊದಲು ಅರ್ಧ ಗಂಟೆ ಬರಿಯ ನೀರಿನಲ್ಲಿ ನೆನೆಸಿ ಗ್ಲಿಸರಿನ್ ತೊಳೆಯಬೇಕು, ಆಮೇಲೆ ಪರೀಕ್ಷೆಯ ದ್ರಾವಣದಲ್ಲಿ ಅದ್ದಬೇಕು. ನಿಯಮದ ಪುಸ್ತಕದಲ್ಲಿ ಹಾಗೇ ಇದೆ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಜಾಣತನ ಮಾಡಿದೆ. ಎರಡು ಕೆಲಸ ಯಾಕೆ, ಸಂಜೆ ಮನೆಗೆ ಹೋಗುವಾಗಲೇ ನೂಲನ್ನು ನೇರ ಪರೀಕ್ಷೆಯ ದ್ರಾವಣದಲ್ಲಿ ನೆನೆಹಾಕಿದರೆ ಆಯಿತಲ್ಲ? ಮನೆಯಲ್ಲಿ ದೋಸೆಗೆ ಅಕ್ಕಿ ಉದ್ದು ನೆನೆಹಾಕುತ್ತೇವಲ್ಲ ಹಾಗೆ. ಬೆಳಿಗ್ಗೆ ಬರುವಷ್ಟರಲ್ಲಿ ಗ್ಲಿಸರಿನ್ ಹೋಗಿ ನೂಲು ತಯಾರು. ಎಲ್ಲರೂ ಭೇಷ್ ಎಂದರು, ಅದೇ ಲ್ಯಾಬಿನ ಪದ್ಧತಿಯಾಯಿತು.

ಆಗಿನ ನೂಲು ಸೆಲ್ಯುಲೋಸಿನದು, ಹತ್ತಿಯ ಜಾತಿ. ಅದಕ್ಕೆ ನೀರು ಇಷ್ಟ, ಎಣ್ಣೆ ಅಂಟುವುದಿಲ್ಲ. ಎಷ್ಟು ಹೊತ್ತು ನೆನೆಸಿದರೂ ಅಳತೆ ಒಂದೇ. ಒಂದೂವರೆ ವರ್ಷದ ಹಿಂದೆ ಕಂಪನಿ ಬೇರೆ ನೂಲು ತಂದಿತು, ಪ್ಲಾಸ್ಟಿಕ್ ಪೊರೆಯದು. ಗಟ್ಟಿ, ಮೈಯೊಳಗೆ ಕರಗುವುದಿಲ್ಲ, ಅಗ್ಗ. ಪದ್ಧತಿಯಂತೆ ಸಂಜೆ ನೆನೆಹಾಕಿದೆ, ಬೆಳಿಗ್ಗೆ ಅಳೆದೆ. ನೂರಕ್ಕೆ ನಲವತ್ತು. ಹಳೆಯದರಷ್ಟೇ. ಸಹಿ ಹಾಕಿದೆ.

ಶುಕ್ರವಾರ ಅದೇ ಕಟ್ಟಿನಿಂದ ಒಂದು ನೂಲು ತೆಗೆದು, ಪುಸ್ತಕದಲ್ಲಿದ್ದಂತೆ ಬರಿಯ ನೀರಿನಲ್ಲಿ ತೊಳೆದು, ದ್ರಾವಣಕ್ಕೆ ಅದ್ದಿದೆ. ನೂರಕ್ಕೆ ನಲವತ್ತು ಬರಲಿಲ್ಲ. ಆರು ಬಂತು. ಎರಡು ಗಂಟೆ ಬಿಟ್ಟು ನೋಡಿದೆ, ಹತ್ತು. ಊಟದ ಹೊತ್ತಿಗೆ ಹದಿನಾಲ್ಕು. ಉಳಿದ ಎಣ್ಣೆಯನ್ನು ಪೊರೆಯೇ ಅಂಟಿಸಿಕೊಂಡು ಕೂತಿತ್ತು! ನಾನು ನೆನೆಹಾಕಿದ ನೂಲುಗಳು ರಾತ್ರಿಯಿಡೀ ಕಂಠಪೂರ್ತಿ ಕುಡಿದು, ಬೆಳಿಗ್ಗೆ ಹೊಟ್ಟೆಯಲ್ಲಿ ಜಾಗವಿಲ್ಲದೆ ಬಂದದ್ದನ್ನೆಲ್ಲ ಒಳಗೆ ಬಿಡುತ್ತಿದ್ದವು. ಹೆಂಗಸರ ತೋಳಿಗೆ ಹೋಗುತ್ತಿದ್ದದ್ದು ಹಸಿದ ನೂಲು. ಮೈಯಲ್ಲಿ ವಿಷ ನನ್ನ ದ್ರಾವಣದಷ್ಟು ಗಟ್ಟಿಯಾಗಿರುವುದಿಲ್ಲ, ಹಾಗಾಗಿ ಆ ಹಸಿವು ವಾರವಾದರೂ ತೀರುತ್ತಿರಲಿಲ್ಲ. ತೀರಿತು ಅನ್ನುವಷ್ಟರಲ್ಲಿ ಸೋಮವಾರ, ಇನ್ನೊಂದು ಹಸಿದ ನೂಲು. ಯಂತ್ರ ಪಾಪ, ನಾನು ಹೇಳಿಕೊಟ್ಟಂತೆ ಎರಡೂವರೆಯಿಂದ ಗುಣಿಸಿ ಹಸಿರು ತೋರಿಸುತ್ತಿತ್ತು.

ಬಳಸಿದ ನೂಲುಗಳನ್ನು ಸೋಮವಾರ ಬದಲಿಸಿದ ಕೂಡಲೇ ಸುಡುತ್ತಾರೆ. ಹಾಲಮ್ಮನ ತುಂಡಾದ ನೂಲು ಕಸದ ಡಬ್ಬಿಯಲ್ಲಿ ಇನ್ನೂ ಇತ್ತು, ಚೀಟಿ ಸಮೇತ. ಅದನ್ನು ಸ್ಪಿರಿಟ್ಟಿನಲ್ಲಿ ತೊಳೆದೆ. ಪೊರೆಗೆ ಅಂಟಿದ್ದ ಎಣ್ಣೆ ಸ್ಪಿರಿಟ್ಟಿಗೆ ಬಿಟ್ಟುಕೊಂಡಿತು. ಯಂತ್ರಕ್ಕೆ ಹಾಕಿ ಅಳೆದೆ. ಮೂರು ದಿನದಲ್ಲಿ ಅಷ್ಟು ಅಂಟಬೇಕಾದರೆ ಮೈಯಲ್ಲಿ ಎಷ್ಟಿರಬೇಕೆಂದು ಲೆಕ್ಕ ಹಾಕಿದೆ. ಕೆಂಪಿನ ಗಡಿಯ ನಾಲ್ಕು ಪಟ್ಟು. ಎರಡು ಸಲ ಲೆಕ್ಕ ಹಾಕಿದೆ, ಬೇರೆ ಉತ್ತರ ಬರಲೆಂದು ದೇವರನ್ನು ಬೇಡಿಕೊಂಡು.

ಸಂಜೆ ಮನೆಯಲ್ಲಿ ಹಾಲಮ್ಮ ಚಹಾ ಕುಡಿಯುತ್ತಿದ್ದಳು. ಚೆಲ್ಲಬಾರದೆಂದು ಅರ್ಧ ಲೋಟ ಮಾತ್ರ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಎಲ್ಲ ಹೇಳಿದೆ. ನೆನೆಹಾಕಿದ್ದು ನಾನು, ಸಹಿ ಹಾಕಿದ್ದು ನಾನು ಎಂಬುದನ್ನೂ ಹೇಳಿದೆ. ಅವಳು ಲೋಟ ಕೆಳಗಿಟ್ಟಳು.

"ಹಂಗಾದ್ರೆ ನಾನು ನಾಟಕ ಮಾಡ್ತಿರ್ಲಿಲ್ಲ."

"ಇಲ್ಲ ಕಣೇ."

"ನಿಂಗೆ ಇದು ಗೊತ್ತಾಗಾಕೆ ಒಂದು ಮಿಷನ್ನು ಬೇಕಾತು."

ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಶನಿವಾರ ಹನ್ನೊಂದಕ್ಕೆ ರಾಯರ ಕೋಣೆ, ಒಳಗೆ ಕರೆದದ್ದು ಒಂದು ಗಂಟೆಗೆ. ಅವರದು ಬಹಳ ಮೆದು ಮಾತು, ಯಾರಿಗೂ ಏಕವಚನ ಬಳಸುವುದಿಲ್ಲ. ಹಾಲಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿ ನನಗೆ ಕುರ್ಚಿ ತೋರಿಸಿದರು. ನಾನೂ ನಿಂತೇ ಹೇಳಿದೆ. ಪೊರೆ, ಅಂಟುವ ಎಣ್ಣೆ, ನೆನೆಸುವ ಪದ್ಧತಿ, ನಾಲ್ಕು ಪಟ್ಟು, ಎಲ್ಲ. ಅವರು ತಲೆಯಾಡಿಸುತ್ತ ಕೇಳಿದರು.

"ಈ ನೆನೆಸುವ ಪದ್ಧತಿ ಯಾರದು ಕೊಟ್ರಮ್ಮನವರೇ?"

"ನನ್ನದೇ ಸಾರ್. ತಪ್ಪು ನನ್ನದೇ."

"ಬರೆದು ಕೊಡ್ತೀರಾ?"

ಬರೆದೆ. ತಪ್ಪೊಪ್ಪಿಕೊಂಡರೆ ತಂಗಿ ಉಳಿಯುತ್ತಾಳೆ ಎಂಬ ಭ್ರಮೆ. ಅವರು ಕಾಗದವನ್ನು ಎರಡು ಸಲ ಓದಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

"ನಿಮ್ಮ ಪ್ರಾಮಾಣಿಕತೆ ದೊಡ್ಡದು. ಹಾಗಾದರೆ ಒಂದೂವರೆ ವರ್ಷದ ಅಳತೆಗಳೆಲ್ಲ ರದ್ದಾದವು. ಅಳತೆಯೇ ಇಲ್ಲದ ಮೇಲೆ ಯಾರ ಮೈಯಲ್ಲಾದರೂ ವಿಷ ಇತ್ತು ಅನ್ನೋದಕ್ಕೆ ಆಧಾರ ಏನು?"

"ಇವಳ ನೂಲು ತೊಳೆದು ನೋಡಿದೀನಲ್ಲ ಸಾರ್! ನಾಲ್ಕು ಪಟ್ಟು!"

"ನೋಡಿದ್ದು ಯಾರು? ನೀವು. ನಿಮಗೆ ಸರಿಯಾಗಿ ಅಳೆಯೋಕೆ ಬರೋದಿಲ್ಲ ಅಂತ ಈಗಷ್ಟೇ ನೀವೇ ಬರೆದು ಕೊಟ್ಟಿದ್ದೀರಿ."

ಅಲ್ಲ, ಹಸಿರು ತೋರಿಸಿದಾಗ ನನ್ನ ಅಳತೆ ವೇದವಾಕ್ಯ, ಕೆಂಪು ತೋರಿಸಿದರೆ ನನಗೆ ಅಳೆಯಲು ಬರುವುದಿಲ್ಲ! ಎಂಥ ನ್ಯಾಯ ಇದು? ರಾಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನೆದುರೇ ಫೋನ್ ಎತ್ತಿ ನರ್ಸಿಗೆ ಹೇಳಿದರು, ದೋಷವಿರುವ ನೂಲು ಕಾರ್ಮಿಕರ ಮೈಯಲ್ಲಿ ಒಂದು ದಿನವೂ ಇರಬಾರದು, ಎರಡು ಗಂಟೆಗೆ ಪಾಳಿ ಬಿಡುವಾಗ ಎಲ್ಲರದನ್ನೂ ತೆಗೆದು ನೇರ ಸುಡುವ ಕುಲುಮೆಗೆ ಕಳಿಸಿ, ಅವರ ಸುರಕ್ಷತೆ ನಮಗೆ ಮುಖ್ಯ ಎಂದು.

ಸುರಕ್ಷತೆ! ಆ ಇನ್ನೂರ ಹನ್ನೆರಡು ನೂಲುಗಳಲ್ಲಿ ಒಂದು ವಾರದ ವಿಷ ಅಂಟಿ ಕೂತಿತ್ತು. ಅವು ಸುಟ್ಟರೆ ಹಾಲಮ್ಮನಿಗೆ ವಿಷ ತಗುಲಿದೆ ಎಂದು ಹೇಳುವ ಒಂದು ಸಾಕ್ಷಿಯೂ ಈ ಭೂಮಿಯ ಮೇಲೆ ಉಳಿಯುತ್ತಿರಲಿಲ್ಲ. ಅದು ರಾಯರಿಗೆ ನನಗಿಂತ ಬೇಗ ಹೊಳೆದಿತ್ತು.

"ನಿಮಗೆ ಮನುಷ್ಯತ್ವ ಐತಾ?" ಎಂದು ಕಿರುಚಿದೆ. ಅವರು ಹಾಲಮ್ಮನ ಕಡೆಗೂ ನೋಡದೆ, ಹೊರಗೆ ಹೋಗಿ ತಣ್ಣೀರು ಕುಡಿಯಿರಿ ಎಂದರು.

ಕಂಟ್ರೋಲ್ ರೂಮಿಗೆ ಹೋದಾಗ ಒಂದೂಮುಕ್ಕಾಲು. ಏದುಸಿರಿನಲ್ಲಿ ದಾದಾಪೀರಣ್ಣನಿಗೆ ಹೇಳಿದೆ. ಅವರು ಯಾವತ್ತಿನ ನಿಧಾನದಲ್ಲೇ ಕೇಳಿ, ಒಳಗಿನಿಂದ ಬಾಗಿಲ ಚಿಲಕ ಹಾಕಿ, ಎಲ್ಲ ಶೆಡ್ಡಿಗೂ ಕೇಳಿಸುವ ಮೈಕು ಒತ್ತಿದರು. ನಿವೃತ್ತಿಗೆ ಅವರಿಗೆ ಇನ್ನು ಎರಡೇ ವರ್ಷ ಬಾಕಿ ಇತ್ತು.

"ಎಲ್ಲಾ ಶೆಡ್ಡಿನೋರೂ ಕೇಳ್ರಿ. ದಾದಾಪೀರ್ ಮಾತಾಡ್ತಿರೋದು. ನಿಮ್ಮ ಹಸಿರು ಸುಳ್ಳು. ವಿಷ ನಿಮ್ಮ ನೂಲಿಗೆ ಅಂಟ್ಕೊಂಡೈತೆ. ಮೈಯಾಗಿರೋ ನೂಲು ಕಂಪನೀದಲ್ಲ, ನಿಮ್ಮದು, ಕಾಯ್ದೆಯಾಗೆ ಹಂಗೇ ಬರದೈತೆ. ಯಾರೂ ನರ್ಸಮ್ಮನ ಕೈಗೆ ಕೊಡಬ್ಯಾಡ್ರಿ. ಗೇಟಿನ ಹತ್ರ ಕೊಟ್ರಮ್ಮ ಇರ್ತಾಳೆ. ಅವಳ ಮುಂದೆ, ನೀವೇ ನಿಮ್ಮ ಕೈಯಾರೆ ತೆಗ್ದು, ನಿಮ್ಮ ಹೆಸರಿನ ಬಾಟಲಿಗೆ ಹಾಕ್ರಿ. ದಾವಣಗೆರೆ ಕೋರ್ಟಿಗೆ ಕೊಡಾಣ. ಬೇರೆ ಲ್ಯಾಬಿನೋರು ಅಳೀಲಿ."

ಲ್ಯಾಬಿನಲ್ಲಿದ್ದ ಪುಟ್ಟ ಗಾಜಿನ ಬಾಟಲಿಗಳನ್ನೆಲ್ಲ ಚೀಟಿ, ಶಾಯಿಪ್ಯಾಡು ಸಮೇತ ಎರಡು ಬಕೆಟ್ಟಿಗೆ ತುಂಬಿಕೊಂಡು ಗೇಟಿಗೆ ಓಡಿದೆ. ಪಾಳಿ ಬಿಟ್ಟಿತ್ತು. ನೀಲಿ ಕೋಟಿನ ಜನ ಬಂದು ಗೇಟಿನ ಒಳಗೆ ನಿಂತರು. ಕೆಲವರು ತೋಳು ಮುಚ್ಚಿಕೊಂಡಿದ್ದರು. ಕೆಲವರು ನನ್ನನ್ನು ನೋಡಿದ ನೋಟ ಇವತ್ತಿಗೂ ನಿದ್ದೆ ಕೆಡಿಸುತ್ತದೆ, ನನ್ನ ಸಹಿ ಎಲ್ಲರಿಗೂ ಗೊತ್ತಲ್ಲ. ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ರಾಯರೇ ಬಂದರು, ಹಿಂದೆ ನರ್ಸು, ಇಬ್ಬರು ಕಾವಲಿನವರು.

"ದಯವಿಟ್ಟು ಎಲ್ಲರೂ ನರ್ಸ್ ಹತ್ತಿರ ಸಾಲಾಗಿ ಬನ್ನಿ. ಇದೆಲ್ಲ ನಾಟಕ," ಎಂದರು.

ಹಾಲಮ್ಮ ಜನರನ್ನು ಸರಿಸಿಕೊಂಡು ಬಂದು ಅವರ ಎದುರಿಗೇ ನಿಂತಳು. ತೋಳು ಏರಿಸಿ ಪಟ್ಟಿ ಬಿಚ್ಚಿದಳು. ಹಳೆಯದು ತುಂಡಾದ ಮೇಲೆ ಹಾಕಿದ ನೂಲಿನ ತುದಿ ಚರ್ಮದಿಂದ ಆಚೆ ಬಂದಿತ್ತು. ಬಲಗೈ ಬೆರಳಲ್ಲಿ ಹಿಡಿಯಲು ಹೋದಳು. ಬೆರಳು ನಡುಗಿ ತುದಿ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ನನಗೆ ತಡೆಯಲಾಗಲಿಲ್ಲ, ಬಾಟಲಿ ಕೆಳಗಿಟ್ಟು ಅವಳ ಕೈ ಹಿಡಿಯಲು ಹೋದೆ.

"ಬಿಡಕ್ಕ, ಹಿಡೀಬ್ಯಾಡ," ಎಂದಳು. "ನಡುಗ್ಲಿ. ನಾಟಕ ಅಂದ್ರಲ್ಲ, ಪೂರ್ತಿ ನೋಡ್ಲಿ."

ಅವಳು ಮತ್ತೆ ಮತ್ತೆ ಪ್ರಯತ್ನಿಸಿದಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇನ್ನೂರು ಜನ ನಿಂತು ನೋಡುತ್ತಿದ್ದರು. ರಾಯರು ಒಮ್ಮೆ ಬೇರೆ ಕಡೆ ತಿರುಗಿದರು.

"ಈ ಕಡೆ ನೋಡ್ರಿ ಸಾರ್," ಎಂದಳು ಹಾಲಮ್ಮ. ತಿರುಗಿದರು.

ಕೊನೆಗೂ ನೂಲು ಬಂತು. ಅದನ್ನು ಬಾಟಲಿಗೆ ಹಾಕುವಾಗ ಬಾಯಿಗೆ ತಾಗಿ ಎರಡು ಸಲ ಆಚೆ ಬಿತ್ತು, ಮೂರನೇ ಸಲ ಒಳಗೆ ಹೋಯಿತು. ನಾನು ಮುಚ್ಚಳ ಹಾಕಿ ಅವಳ ಹೆಸರು ಬರೆದೆ. ಕೆಳಗೆ ಸಹಿ ಮಾಡಲು ಪೆನ್ನು ಇಟ್ಟಾಗ ಅವಳು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನಿನ್ನ ಸಹಿ ಬ್ಯಾಡ," ಎಂದಳು, ಮತ್ತು ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ಅದು ನಡುಗಿ ಅಂಚೆಲ್ಲ ಅಳಿಸಿದಂತೆ ಮೂಡಿದರೂ, ತನ್ನದೇ ಗುರುತನ್ನು ಹಾಕಿದಳು. ಅವಳ ಹಿಂದೆ ಸಾಲು ನಿಂತಿತು.